ದಪ್ಪ ಮೈಗೆ ಬಕೆಟ್ ಸೀಟು ಹೊಂದಿಸಿಕೊಂಡಿದ್ದು

ನಾನು ಸ್ವಲ್ಪ ದಪ್ಪ. ಸ್ವಲ್ಪ ಏನು, ಚೆನ್ನಾಗಿಯೇ ದಪ್ಪ. ಸ್ಪೋರ್ಟ್ಸ್ ಕಾರಿನ ಬಕೆಟ್ ಸೀಟಿನಲ್ಲಿ ಅರ್ಧ ಗಂಟೆ ಕೂತರೆ ಸಾಕು, ತೊಡೆಯ ಹೊರಬದಿ ಮರಗಟ್ಟುತ್ತಿತ್ತು. ತಿರುವಿನಲ್ಲಿ ಮೈ ಜಾರದಿರಲಿ ಅಂತ ಎರಡೂ ಪಕ್ಕ ದಿಂಡಿನಂತೆ ಎತ್ತರಿಸಿರುತ್ತಾರಲ್ಲ, ನನಗೆ ಅದೇ ಕಾಟ. ಅದರ ನಡುವೆ ಕೂರಬೇಕಾದವನು ಅದರ ಮೇಲೇ ಕೂತಿದ್ದೆ.

ಮೊದಲು ಮೆತ್ತನೆಯ ದಿಂಬು ಹಾಕಿ ನೋಡಿದೆ. ತಲೆ ಚಾವಣಿಗೆ ತಾಗಿತು, ಅಷ್ಟೇ. ಆಮೇಲೆ ಸೀಟಿನ ಮುಂಭಾಗ ಸ್ವಲ್ಪ ಎತ್ತಿದೆ. ಒರಗುವ ಭಾಗವನ್ನು ಒಂಚೂರು ಹಿಂದಕ್ಕೆ ವಾಲಿಸಿ, ಸ್ಟೀರಿಂಗನ್ನು ನನ್ನ ಕಡೆ ಎಳೆದುಕೊಂಡೆ. ಹಿಂದಿನ ಜೇಬಿನ ಪರ್ಸೂ ಹೊರಬಂತು. ಅರ್ಧ ನೋವು ಅಲ್ಲೇ ಹೋಯಿತು.

ಉಳಿದರ್ಧಕ್ಕೆ ಸೀಟು ಹೊಲಿಯುವವರ ಹತ್ತಿರ ಹೋದೆ. ಅವರು ಕವರ್ ಬಿಚ್ಚಿ, ಕೂರುವ ಭಾಗದ ಪಕ್ಕದ ಫೋಮನ್ನು ಬೆರಳಿನಷ್ಟು ದಪ್ಪ ಕೆತ್ತಿದರು. ಜಾಸ್ತಿ ಕೆತ್ತುವಂತಿರಲಿಲ್ಲ, ಒಳಗೆ ಕಬ್ಬಿಣದ ಕಂಬಿ ಇತ್ತು. ಒರಗುವ ಭಾಗದ ಪಕ್ಕಕ್ಕೆ ಮಾತ್ರ ಕೈ ಹಾಕಬೇಡಿ ಅಂದೆ. ಸೈಡ್ ಏರ್‌ಬ್ಯಾಗ್ ಇರುವುದು ಅಲ್ಲೇ ಅಲ್ವಾ.

ಈಗ ಎರಡು ಗಂಟೆ ಓಡಿಸಿದರೂ ತೊಡೆ ಸುಮ್ನಿರುತ್ತೆ. ಇಳಿಯುವಾಗ ಮಾತ್ರ ಬಾಗಿಲು ಹಿಡಿದು ಉಸ್ಸಪ್ಪ ಅನ್ನುವುದು ತಪ್ಪಿಲ್ಲ.