ಅನಿಲ ನಿಯಮದ ಲೆಕ್ಕ: ಸೂತ್ರಕ್ಕಿಂತ ಮೊದಲು ಏಕಮಾನ ನೋಡಿ

ಅನಿಲದ ಲೆಕ್ಕಗಳು ತಪ್ಪುವುದು ಸೂತ್ರ ಮರೆತು ಅಲ್ಲ. ಪ್ರಶ್ನೆಯಲ್ಲಿದ್ದ ಸಂಖ್ಯೆಯನ್ನು ಇದ್ದ ಹಾಗೇ ಸೂತ್ರಕ್ಕೆ ತುಂಬುವುದರಿಂದ. ಆದ್ದರಿಂದ ಕ್ಯಾಲ್ಕುಲೇಟರ್ ಮುಟ್ಟುವುದು ಕೊನೆಗೆ.

1. ಒತ್ತಡ, ಗಾತ್ರ, ಮೋಲ್ (ಅನಿಲದ ಪ್ರಮಾಣ), ತಾಪ ನಾಲ್ಕನ್ನೂ ಏಕಮಾನದ ಸಮೇತ ಬರೆದುಕೊಳ್ಳಿ.

2. ತಾಪಕ್ಕೆ 273.15 ಕೂಡಿಸಿ ಕೆಲ್ವಿನ್ ಮಾಡಿ. 2 ಲೀಟರ್ ಅನಿಲವನ್ನು ಒತ್ತಡ ಬದಲಿಸದೆ 25 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಿದರೆ 4 ಲೀಟರ್ ಆಗುವುದಿಲ್ಲ, 2.17 ಲೀಟರ್ ಆಗುತ್ತದೆ. ಸೆಲ್ಸಿಯಸ್‌ನ ಸೊನ್ನೆಯಲ್ಲೂ ಅಣುಗಳು ಜೋರಾಗಿಯೇ ಓಡಾಡುತ್ತಿರುತ್ತವೆ. ಅನುಪಾತ ಹಿಡಿಯಲು ಆ ಸೊನ್ನೆ ನಂಬಿಕೆಗೆ ಯೋಗ್ಯವಲ್ಲ.

3. ಹೆಚ್ಚು ಜನ ಎಡವುವುದು ಒತ್ತಡದಲ್ಲಿ. ಇಲ್ಲಿ ಮೂರು ಸಲ ನಿಂತು ನೋಡಬೇಕು.

ಮೊದಲು ಏಕಮಾನ. 1 ಅಟ್ಮಾಸ್ಫಿಯರ್ ಎಂದರೆ 760 ಮಿ.ಮೀ. ಪಾದರಸ, ಅಥವಾ 101.325 ಕಿಲೋಪ್ಯಾಸ್ಕಲ್.

ಎರಡನೆಯದು, ಅದು ಗೇಜ್ ತೋರಿಸಿದ ಒತ್ತಡವೇ ಎಂಬುದು. ಟೈರಿನ ಗೇಜ್ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ಹೇಳುತ್ತದೆ. 20 ಡಿಗ್ರಿಯಲ್ಲಿ ಗೇಜ್ 220 ಕಿಲೋಪ್ಯಾಸ್ಕಲ್ ತೋರಿಸಿದರೆ ಹೊರಗಿನ ಗಾಳಿಯ 101 ಸೇರಿ ಒಳಗಿನ ನಿಜವಾದ ಒತ್ತಡ ಸುಮಾರು 321. ಗಾತ್ರ ಬದಲಾಗದೆ ಟೈರು 40 ಡಿಗ್ರಿಗೆ ಕಾದರೆ ಅದು 343 ಆಗುತ್ತದೆ, ಗೇಜ್ 242 ತೋರಿಸುತ್ತದೆ. 220ನ್ನೇ ನೇರವಾಗಿ ಹಾಕಿದವರಿಗೆ ಸಿಗುವುದು 235.

ಮೂರನೆಯದು, ಅನಿಲವನ್ನು ನೀರಿನ ಮೇಲೆ ಸಂಗ್ರಹಿಸಿದ್ದಾರೆಯೇ? ಹಾಗಿದ್ದರೆ ಜಾಡಿಯಲ್ಲಿ ನೀರಾವಿಯೂ ಇದೆ. 25 ಡಿಗ್ರಿಯಲ್ಲಿ ಅದರ ಒತ್ತಡ 23.8 ಮಿ.ಮೀ. ಒಟ್ಟು ಒತ್ತಡ 755 ಆದರೆ ಒಣ ಅನಿಲದ್ದು 731.2 ಮಾತ್ರ. 250 ಮಿಲಿಲೀಟರ್‌ಗೆ 0.00983 ಮೋಲ್ ಬರುತ್ತದೆ. ಕಳೆಯುವುದನ್ನು ಮರೆತರೆ 0.01015. ಪ್ರಯೋಗ ಕೆಟ್ಟಿತೆಂದು ಮತ್ತೆ ಮಾಡಿದರೂ ಈ ಶೇ 3ರ ವ್ಯತ್ಯಾಸ ಹೋಗುವುದಿಲ್ಲ.

4. ಬಾಯ್ಲ್, ಚಾರ್ಲ್ಸ್, ಅವೊಗಾಡ್ರೊ ಎಂದು ಸೂತ್ರಗಳನ್ನು ಬೇರೆಬೇರೆಯಾಗಿ ಉರು ಹೊಡೆಯಬೇಡಿ. ಒತ್ತಡ × ಗಾತ್ರ ÷ (ಮೋಲ್ × ತಾಪ) ಎಂಬುದನ್ನು ಮೊದಲಿನ ಸ್ಥಿತಿಗೂ ನಂತರದ ಸ್ಥಿತಿಗೂ ಬರೆದು ಸಮ ಮಾಡಿ, ಬದಲಾಗದ್ದನ್ನು ಹೊಡೆದುಹಾಕಿ. ಬೇಕಾದ ನಿಯಮ ಅಲ್ಲೇ ಉಳಿಯುತ್ತದೆ. ತ್ರಿಕೋನದೊಳಗೆ ಅಕ್ಷರ ತುಂಬಿ ಮುಚ್ಚಿ ತೋರಿಸುವ ಅಡ್ಡದಾರಿ ಬೇಡ. ಎರಡು ಅಂಶಗಳು ಒಟ್ಟಿಗೆ ಬದಲಾದ ಕೂಡಲೇ ಅದು ಕೈಕೊಡುತ್ತದೆ. ಏಕಮಾನ ಕೇಳದೆ ಉತ್ತರ ಕೊಡುವ ಆ್ಯಪ್‌ಗಳನ್ನಂತೂ ಅಳಿಸಿಬಿಡಿ.

5. ಒಂದೇ ಸ್ಥಿತಿಯ ಲೆಕ್ಕವಾದರೆ ಅನಿಲ ಸ್ಥಿರಾಂಕ ಬೇಕು, ಅಂದರೆ ಒತ್ತಡ × ಗಾತ್ರ ÷ (ಮೋಲ್ × ತಾಪ) ಎಂಬುದರ ಬದಲಾಗದ ಬೆಲೆ. ಲೀಟರ್, ಅಟ್ಮಾಸ್ಫಿಯರ್ ಇದ್ದಾಗ 0.08206, ಲೀಟರ್, ಕಿಲೋಪ್ಯಾಸ್ಕಲ್ ಇದ್ದಾಗ 8.314. ಒಂದು ಮೋಲ್ ಅನಿಲದ ಗಾತ್ರವೆಂದು ಎಲ್ಲೆಂದರಲ್ಲಿ 22.4 ಲೀಟರ್ ಬಳಸಬೇಡಿ. ಅದು 0 ಡಿಗ್ರಿ, 1 ಅಟ್ಮಾಸ್ಫಿಯರ್‌ಗೆ ಮಾತ್ರ. 1982ರಿಂದ ಪ್ರಮಾಣಿತ ಒತ್ತಡ 1 ಬಾರ್ (100 ಕಿಲೋಪ್ಯಾಸ್ಕಲ್), ಅಲ್ಲಿ ಅದೇ ಗಾತ್ರ 22.7. 25 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ 24.5.

6. ಉತ್ತರದ ದಿಕ್ಕು ನೋಡಿ. ತಾಪ ಬದಲಾಗದೆ ಒತ್ತಡ ಏರಿದ್ದರೆ ಗಾತ್ರ ಇಳಿದಿರಲೇಬೇಕು.

ಇದೆಲ್ಲ ಆದರ್ಶ ಅನಿಲದ ಲೆಕ್ಕ. ಒತ್ತಡ ನೂರಾರು ಅಟ್ಮಾಸ್ಫಿಯರ್‌ಗೆ ಏರಿದಾಗ, ಅಥವಾ ಅನಿಲ ದ್ರವವಾಗುವ ತಾಪದ ಹತ್ತಿರ ಬಂದಾಗ ಅಣುಗಳ ಸೆಳೆತವೂ ಅವುಗಳ ಸ್ವಂತ ಗಾತ್ರವೂ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ವಾನ್ ಡರ್ ವಾಲ್ಸ್ ಸಮೀಕರಣ ಹಿಡಿಯಿರಿ.