ಅಪಘಾತದಿಂದ ಓಡಾಟ ಕಷ್ಟವಾದರೆ ಪರಿಹಾರ ಕೇಳುವುದು ಹೇಗೆ?

ರಸ್ತೆ ಅಪಘಾತದಲ್ಲಿ ಕಾಲು ಮುರಿದವರ ಮನೆಯಲ್ಲಿ ಪರಿಹಾರದ ಮಾತು ಬಂದರೆ ಮೊದಲ ಪ್ರಶ್ನೆ, ‘ಡಾಕ್ಟರು ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ಬರೆದುಕೊಡುತ್ತಾರೆ?’ ಎಂಬುದೇ. ಆ ಪರ್ಸೆಂಟ್ ಬೇಕು, ನಿಜ. ಆದರೆ ಅಷ್ಟಕ್ಕೇ ನಿಂತರೆ ಸಿಗಬೇಕಾದ ಹಣದ ದೊಡ್ಡ ಪಾಲು ಕೈತಪ್ಪುತ್ತದೆ. ನೀವು ಏನು ಕೆಲಸ ಮಾಡುತ್ತಿದ್ದಿರಿ, ಈಗ ಅದರಲ್ಲಿ ಯಾವುದು ಆಗುತ್ತಿಲ್ಲ ಎಂಬುದನ್ನು ಕೋರ್ಟಿಗೆ ತೋರಿಸಲೇಬೇಕು.

ಮೊದಲ ದಿನಗಳಲ್ಲಿ

ಪೊಲೀಸ್ ದೂರು ತಡ ಮಾಡಬೇಡಿ. ‘ಆಸ್ಪತ್ರೆ ಖರ್ಚು ಕೊಡ್ತೀವಿ, ಕೇಸು ಬೇಡ’ ಎಂಬ ರಾಜಿ ಮಾತಿಗೆ ಸಹಿ ಹಾಕಬೇಡಿ. ಆಸ್ಪತ್ರೆಗೆ ಸೇರುವಾಗಲೇ ಇದು ರಸ್ತೆ ಅಪಘಾತ ಎಂದು ಹೇಳಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ ಎಂಬ ಆಸ್ಪತ್ರೆಯ ದಾಖಲೆ) ಮಾಡಿಸಿ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ. ಅದನ್ನು ಕೇಳಿ ಪಡೆಯಿರಿ.

ಎಫ್‌ಐಆರ್, ಸ್ಥಳ ಮಹಜರು, ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಬಿಲ್ಲು, ಎಲ್ಲವೂ ಒಂದೇ ಫೈಲಿನಲ್ಲಿರಲಿ. ಆಟೊ ಬಾಡಿಗೆಯ ಚೀಟಿಯನ್ನೂ ಎಸೆಯಬೇಡಿ.

ಅರ್ಜಿ ಎಲ್ಲಿ, ಯಾವಾಗ

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಊರುಗೋಲು ಹಿಡಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ? ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಇಂಥ ಕೇಸುಗಳು ನಡೆಯುತ್ತವೆ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ನೀವು ಮಾತ್ರ ಗಡುವಿನೊಳಗೇ ಹಾಕಿಬಿಡಿ.

ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ದಾರಿ ಬೇರೆ: ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಹಿಟ್ ಅಂಡ್ ರನ್ ಯೋಜನೆ ಇದೆ.

ಪರ್ಸೆಂಟ್ ಲೆಕ್ಕ

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದದ್ದು ಇಲ್ಲಿ. ಕಾಲಿಗೆ ಶೇ 45 ಎಂದು ಡಾಕ್ಟರು ಬರೆದರೆ, ಇಡೀ ದೇಹಕ್ಕೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ ಶೇ 15 ಎಂದು ಹಿಡಿಯುತ್ತಾರೆ. ಆದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು ಬೇರೆಯೇ ಲೆಕ್ಕ. 2010ರಲ್ಲಿ ತೀರ್ಪು ಬಂದ ರಾಜ್‌ಕುಮಾರ್–ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ಸಂಪಾದನೆಯೇ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು. ಸರ್ಕಾರಿ ಗುಮಾಸ್ತರ ಕೆಲಸ ಉಳಿಯಬಹುದು.

34 ವರ್ಷದ ಒಬ್ಬ ಗಾರೆ ಕೆಲಸದವರು ಎಂದುಕೊಳ್ಳಿ. ತಿಂಗಳ ದುಡಿಮೆ 15,000. ಸ್ವಂತ ದುಡಿಮೆಯ, 40ರೊಳಗಿನವರಿಗೆ ಮುಂದಿನ ಏರಿಕೆಗೆಂದು ಶೇ 40 ಸೇರಿಸಿದರೆ 21,000. ವರ್ಷಕ್ಕೆ 2,52,000. ಈ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಕೋರ್ಟು ಗುಣಿಸುವ ಸಂಖ್ಯೆ, 16. ಒಟ್ಟು 40,32,000. ಇದರಲ್ಲಿ ಶೇ 15 ಅಂದರೆ 6,04,800. ಇವರು ಕುಕ್ಕರಗಾಲಲ್ಲಿ ಕೂರಲಾರರು, ಸಾರ್ವೆ ಹತ್ತಲಾರರು ಎಂದು ಸಾಬೀತಾಗಿ ಶೇ 40 ನಷ್ಟ ಎಂದು ಒಪ್ಪಿದರೆ 16,12,800. ಪೆಟ್ಟು ಅದೇ, ಕಾಲು ಅದೇ. ಹತ್ತು ಲಕ್ಷಕ್ಕೂ ಮೀರಿದ ಈ ವ್ಯತ್ಯಾಸ ಬಂದದ್ದು ಸಾಕ್ಷ್ಯದಿಂದ.

ಹಾಗಾಗಿ ಮೇಸ್ತ್ರಿ, ಜೊತೆ ಕೆಲಸಗಾರರು ಬಂದು ಹೇಳಲಿ. ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ಹೇಳಿದರೆ ತೂಕ ಜಾಸ್ತಿ. ‘ಮೆಟ್ಟಿಲು ಹತ್ತಲಾರರು, ಭಾರ ಎತ್ತಲಾರರು’ ಎಂದು ಬಿಡಿಬಿಡಿಯಾಗಿ ಬರೆದುಕೊಡಲು ಅವರನ್ನು ಕೇಳಿ.

ಮನೆಯೊಳಗೆ

ಕೇಸು ಮುಗಿಯುವವರೆಗೆ ಬದುಕು ಕಾಯುವುದಿಲ್ಲ. ಕೋಲನ್ನು ಪೆಟ್ಟಾದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ತನ್ನಿ, ಗೋಡೆಗೆ ಹಿಡಿಕೆ ಹಾಕಿಸಿ. ಗಾಲಿಕುರ್ಚಿಗೆ ರ‍್ಯಾಂಪ್ ಮಾಡಿಸುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಈ ಖರ್ಚುಗಳ ಬಿಲ್ಲೂ ಅದೇ ಫೈಲಿಗೆ ಸೇರಲಿ. ನೋಡಿಕೊಳ್ಳಲು ಹೆಂಡತಿಯೋ ಅಮ್ಮನೋ ಕೂಲಿ ಬಿಟ್ಟು ಕೂತಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಸಿ. ಮನೆಯವರ ಆರೈಕೆ ಸುಮ್ನೆ ಬಂದದ್ದಲ್ಲ, ಅದಕ್ಕೂ ಪರಿಹಾರ ಕೇಳಬಹುದು.

ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕಾಣಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಸರ್ಕಾರಿ ನೌಕರರಾಗಿದ್ದರೆ, 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪ್ರಕಾರ ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ.

ರಾಜಿಗೆ ಕರೆದರೆ

ಲೋಕ ಅದಾಲತ್‌ನಲ್ಲಿ ಹಣ ಬೇಗ ಸಿಗುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಕಾಲಿನೊಳಗಿನ ರಾಡ್ ತೆಗೆಸುವ ಆಪರೇಷನ್ ಖರ್ಚು ಸೇರಿದೆಯೇ ಎಂದು ನೋಡಿಯೇ ಒಪ್ಪಿ. ನ್ಯಾಯಮಂಡಳಿಯ ತೀರ್ಪಿನಲ್ಲಿ ಮೊತ್ತ ಕಡಿಮೆ ಬಂತು ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ.