ಸರ್ವೆ ಸಸಿಯ ಬೇರಿಗೆ ಸಾರಜನಕದ ಗಂಟು ಕಟ್ಟಿಸುವುದು ಹೇಗೆ?

ಶೇಂಗಾ, ತೊಗರಿ ಗಿಡಗಳ ಬೇರಿನಲ್ಲಿ ಕಾಣುವ ಗಂಟುಗಳು ರಾಯಚೂರು, ಕೊಪ್ಪಳ ಭಾಗದ ರೈತರಿಗೆ ಹೊಸವಲ್ಲ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುವ ರೈಜೋಬಿಯಂ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಿರುತ್ತದೆ. ಆದರೆ ಇದು ದ್ವಿದಳ ಜಾತಿಗಷ್ಟೇ ಮೀಸಲಾದ ವರವಲ್ಲ. ಕಂಬಕ್ಕೆಂದು ಬದುವಿನ ಮೇಲೆ ಬೆಳೆಸುವ ಸರ್ವೆ ಅಥವಾ ಗಾಳಿಮರವೂ ಗಂಟು ಕಟ್ಟುತ್ತದೆ. ಅದರೊಳಗೆ ಇರುವುದು ಫ್ರಾಂಕಿಯಾ ಎಂಬ, ಶಿಲೀಂಧ್ರದ ಹಾಗೆ ಎಳೆ ಎಳೆಯಾಗಿ ಬೆಳೆಯುವ ಬೇರೊಂದು ಬ್ಯಾಕ್ಟೀರಿಯಾ. ಎಂಟು ಸಸ್ಯ ಕುಟುಂಬಗಳ 200ಕ್ಕೂ ಹೆಚ್ಚು ಪ್ರಭೇದಗಳು ಇದರೊಂದಿಗೆ ಸಹಜೀವನ ನಡೆಸುತ್ತವೆ. ದ್ವಿದಳವಲ್ಲದಿದ್ದರೂ ರೈಜೋಬಿಯಂನಿಂದಲೇ ಗಂಟು ಕಟ್ಟುವುದು ಪ್ಯಾರಾಸ್ಪೋನಿಯಾ ಎಂಬ ಮರವೊಂದೇ. ಅದು ಪಪುವಾ ನ್ಯೂಗಿನಿ ಕಡೆಯದು, ನಮ್ಮ ಹೊಲಗಳಿಗೆ ಸಂಬಂಧಿಸಿದ್ದಲ್ಲ.

ಗಂಟು ಕಟ್ಟುವ ಕ್ರಮವನ್ನು ಮೊದಲು ತಿಳಿದರೆ ಸಸಿಮಡಿಯ ಕೆಲಸದ ಕಾರಣ ತಾನಾಗಿ ಅರ್ಥವಾಗುತ್ತದೆ. ಮಣ್ಣಿನಲ್ಲಿ ಸಾರಜನಕ ಕಡಿಮೆಯಿದ್ದಾಗ ಸರ್ವೆಯ ಬೇರು ಹೊರಸೂಸುವ ರಾಸಾಯನಿಕಗಳಿಗೆ ಫ್ರಾಂಕಿಯಾ ಸ್ಪಂದಿಸುತ್ತದೆ. ಅದರ ಪ್ರಭಾವದಿಂದ ಬೇರಿನ ಸೂಕ್ಷ್ಮ ರೋಮಗಳು ಸೊಟ್ಟಗೆ ಸುರುಳಿಯಾಗುತ್ತವೆ. ಆ ಸುರುಳಿಯಲ್ಲಿ ಸಿಲುಕಿದ ಎಳೆಯೊಂದು ರೋಮದೊಳಕ್ಕೆ ನುಗ್ಗಿ ತೊಗಟೆಯ ಜೀವಕೋಶಗಳನ್ನು ಸೇರುತ್ತದೆ. ಅಲ್ಲಿ ಸಣ್ಣ ಉಬ್ಬೊಂದು ಮೂಡುತ್ತದೆ, ಆದರೆ ನಿಜವಾದ ಗಂಟು ಹುಟ್ಟುವುದು ಇನ್ನೂ ಒಳಗೆ, ಪಕ್ಕಬೇರು ಹುಟ್ಟುವ ಪದರದಲ್ಲಿ. ಅಂದರೆ ಸರ್ವೆಯ ಗಂಟು ಮಾರ್ಪಟ್ಟ ಪಕ್ಕಬೇರೇ ಹೌದು, ಆದ್ದರಿಂದಲೇ ನೀರು, ಆಹಾರ ಸಾಗಿಸುವ ನಾಳ ಅದರ ನಡುವೆ ಹಾಯುತ್ತದೆ, ಶೇಂಗಾದ ಗಂಟಿನಲ್ಲಾದರೆ ನಾಳಗಳು ಅಂಚಿನಲ್ಲಿರುತ್ತವೆ. ಗಂಟು ಮತ್ತೆ ಮತ್ತೆ ಕವಲೊಡೆದು ವರ್ಷಾನುಗಟ್ಟಲೆ ಬೆಳೆದು ಹವಳದ ಗೊಂಚಲಿನ ಆಕಾರ ಪಡೆಯುತ್ತದೆ. ಸಾರಜನಕವನ್ನು ಒಡೆಯುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ. ಸರ್ವೆಯಲ್ಲಿ ಬ್ಯಾಕ್ಟೀರಿಯಾ ತುಂಬಿದ ಕೋಶಗಳ ಗೋಡೆಗಳು ಗಟ್ಟಿಯಾಗಿ ಆಮ್ಲಜನಕದ ಒಳಹರಿವನ್ನು ತಗ್ಗಿಸುತ್ತವೆ.

ಸರ್ವೆಯ ತವರು ಆಸ್ಟ್ರೇಲಿಯಾ ಹಾಗೂ ಆಗ್ನೇಯ ಏಷ್ಯಾ. ಹಿಂದೆ ಈ ಮರವನ್ನೇ ಬೆಳೆಯದ ಮಣ್ಣಿನಲ್ಲಿ ಅದಕ್ಕೆ ಹೊಂದುವ ಫ್ರಾಂಕಿಯಾ ಇಲ್ಲದಿರಬಹುದು, ಹಾಗಾಗಿ ಸಸಿಮಡಿಯಲ್ಲೇ ಅದನ್ನು ಬೇರಿಗೆ ಸೇರಿಸುವುದು ಜಾಣತನ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಸವಳು-ಜವಳು ಭೂಮಿಯಲ್ಲಿ ಭತ್ತ ಕೈಕೊಟ್ಟ ತುಂಡುಗಳಿಗೆ ಸರ್ವೆ ಹಾಕುವವರಿಗೆ ಇದು ಇನ್ನೂ ಮುಖ್ಯ.

ಮೊದಲ ಹಂತದಲ್ಲಿ ಆರೋಗ್ಯವಂತ, ಕೆಲವು ವರ್ಷ ಹಳೆಯ ಮರದ ಬುಡವನ್ನು ಮೇಲ್ಪದರದಲ್ಲಷ್ಟೇ ಕೆದಕಿ ಗಂಟುಗಳನ್ನು ಆರಿಸಬೇಕು. ಒಣಗುತ್ತಿರುವ ಅಥವಾ ತೊಗಟೆ ಉಬ್ಬಿ ಸಿಡಿದ ಮರದ ತಂಟೆಗೆ ಹೋಗಕೂಡದು, ಗಂಟಿನ ಜೊತೆ ರೋಗವೂ ಸಸಿಮಡಿಗೆ ಬರುತ್ತದೆ. ಕಪ್ಪಾಗಿ ಟೊಳ್ಳಾದ ಭಾಗಗಳನ್ನು ಬಿಟ್ಟು ಎಳೆಯ, ತಿಳಿಬಣ್ಣದ ತುದಿಗಳಿರುವ ಗೊಂಚಲುಗಳನ್ನೇ ತೆಗೆದುಕೊಂಡು, ಮಣ್ಣು ಪೂರ್ತಿ ಹೋಗುವಂತೆ ಹಲವು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು.

ಅನಂತರ ಒಂದು ಹಿಡಿ ಗಂಟನ್ನು ಸ್ವಲ್ಪ ನೀರಿನೊಂದಿಗೆ ಕಲ್ಲಿನಲ್ಲಿ ನುಣ್ಣಗೆ ಅರೆದು, ಒಂದು ಲೀಟರ್ ನೀರಿಗೆ ಬೆರೆಸಿ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಬಾವಿ ನೀರು ಅಥವಾ ಆರಿಸಿದ ಕುದಿನೀರು ಸಾಕು. ಈ ದ್ರಾವಣವನ್ನು ಅಂದೇ ಬಳಸಬೇಕು. ಮಡಿಯಿಂದ ಪಾಲಿಥಿನ್ ಚೀಲಕ್ಕೆ ಸಸಿ ಬದಲಿಸುವಾಗ ಬೇರನ್ನು ದ್ರಾವಣದಲ್ಲಿ ಅದ್ದಿ, ಉಳಿದದ್ದನ್ನು ಬುಡಕ್ಕೆ ಹಾಕಿ, ಸಂಜೆ ಹೊತ್ತಿನಲ್ಲಿ ನೆರಳಲ್ಲಿಡುವುದು ಒಳ್ಳೆಯದು. ರಾಯಚೂರಿನ ಬಿಸಿಲು ಬ್ಯಾಕ್ಟೀರಿಯಾಗಳ ಮೇಲೆ ಕರುಣೆ ತೋರುವುದಿಲ್ಲ.

ಚೀಲದ ಮಣ್ಣಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಎರೆಮಣ್ಣೊಂದನ್ನೇ ತುಂಬಿದರೆ ಗಾಳಿಯಾಡದೆ ಗಂಟು ಕಟ್ಟುವುದು ತಡವಾಗುತ್ತದೆ. ಕೆಂಪು ಮಣ್ಣು ಮತ್ತು ಮರಳನ್ನು ಧಾರಾಳವಾಗಿ ಬೆರೆಸಬೇಕು. ಗಂಟು ಕಟ್ಟಲು ರಂಜಕ ಅಗತ್ಯವಾದ್ದರಿಂದ ಸ್ವಲ್ಪ ಸೂಪರ್ ಫಾಸ್ಫೇಟ್ ಕೊಡಬಹುದು. ಯೂರಿಯಾ ಮಾತ್ರ ಖಂಡಿತ ಬೇಡ: ಸಿದ್ಧ ಸಾರಜನಕ ಸಿಕ್ಕರೆ ಗಿಡವು ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟು ಸಾಕುವ ಗೋಜಿಗೆ ಹೋಗುವುದಿಲ್ಲ.

ಎರಡು ತಿಂಗಳ ಬಳಿಕ ಒಂದೆರಡು ಚೀಲ ಹರಿದು ಬೇರು ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ. ಕುಷ್ಟಗಿ ಕಡೆಯ ದಾಳಿಂಬೆ ತೋಟಗಳಲ್ಲಿ ಕಾಣಿಸುವ ಬೇರುಗಂಟು ಜಂತುಹುಳುವಿನ ಬಾಧೆಯೂ ಬೇರಿನಲ್ಲಿ ಗಂಟನ್ನೇ ಮಾಡುತ್ತದೆ. ಅದರಲ್ಲಿ ಬೇರೇ ಉದ್ದಕ್ಕೂ ಊದಿರುತ್ತದೆ, ಉಗುರಿನಿಂದ ಬಿಡಿಸಲು ಬರುವುದಿಲ್ಲ. ಫ್ರಾಂಕಿಯಾ ಗಂಟು ಬೇರಿನ ಪಕ್ಕಕ್ಕೆ ಗೊಂಚಲಾಗಿ ಅಂಟಿಕೊಂಡಿರುತ್ತದೆ, ಅದರ ತುದಿಯಿಂದ ಕೆಲವೊಮ್ಮೆ ಮೇಲ್ಮುಖವಾಗಿ ಸಣ್ಣ ಬೇರುಗಳು ಚಾಚಿರುತ್ತವೆ. ದ್ರಾವಣ ಹಾಕದ ಹತ್ತಾರು ಸಸಿಗಳನ್ನು ಬೇರೆಯಾಗಿ ಇಟ್ಟುಕೊಂಡಿದ್ದರೆ ಹೋಲಿಕೆ ಸುಲಭ. ಎರಡೂ ಗುಂಪಿನಲ್ಲಿ ಗಂಟುಗಳಿದ್ದರೆ ನಿಮ್ಮ ಮಣ್ಣಿನಲ್ಲೇ ಫ್ರಾಂಕಿಯಾ ಇದೆ ಎಂದರ್ಥ, ಮುಂದಿನ ಸಲ ಅರೆಯುವ ಶ್ರಮ ಉಳಿಯುತ್ತದೆ.